ನೀರಿನ ಕೆಲಸ ಮತ್ತು ‘ಇಲ್ಲ’ ಎನ್ನುವ ಹಕ್ಕು

ಸರ್ಕಾರಿ ಕನ್ನಡದಲ್ಲಿ ಮದ್ಯದಂಗಡಿಗೆ ಅಂಟಿಕೊಂಡ ಎರಡು ಪದಗಳಿವೆ. ಎರಡೂ ಪಾರಸಿಯ ದಾರಿಯಲ್ಲಿ ನಮ್ಮಲ್ಲಿಗೆ ಬಂದವು. ಮೊದಲನೆಯದು ಅಬಕಾರಿ. ‘ಆಬ್’ ಎಂದರೆ ನೀರು, ‘ಕಾರಿ’ ಎಂದರೆ ಕೆಲಸ. ನೀರಿನ ಕೆಲಸ. ಮದ್ಯ ಕಾಯಿಸಿ ಮಾರುವ ಕಸುಬಿಗೆ ಇದ್ದ ಈ ಹೆಸರು ಮುಂದೆ ಆ ಕಸುಬಿನ ಮೇಲಿನ ತೆರಿಗೆಗೆ ಬಂತು, ಕಡೆಗೆ ತೆರಿಗೆ ವಸೂಲಿ ಮಾಡುವ ಇಲಾಖೆಗೆ ಗಟ್ಟಿಯಾಗಿ ನಿಂತಿತು. ಇವತ್ತು ಅಬಕಾರಿ ಎಂದರೆ ನಮಗೆ ನೆನಪಾಗುವುದು ಜೀಪು, ದಾಳಿ, ಮೊಹರು. ಎರಡನೆಯದು ಸನ್ನದು, ಅಂದರೆ ದೊರೆ ಕೊಟ್ಟ ಅಪ್ಪಣೆಯ ಪತ್ರ. ಕರ್ನಾಟಕದಲ್ಲಿ ಬಾರಿನ ಒಡೆಯರು ಕಾಗದದ ಮೇಲೆ ಇಂದಿಗೂ ‘ಸನ್ನದುದಾರರು’.

ಕಾನೂನಿನ ಕಾಗದ ಅನುವಾದಿಸಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಈ ಜೋಡಿ ಮತ್ತೆ ಮತ್ತೆ ಎದುರಾಗುತ್ತದೆ. ಒಂದು ಪದದಲ್ಲಿ ಕೆಲಸ ಇದೆ, ಇನ್ನೊಂದರಲ್ಲಿ ಅಪ್ಪಣೆ ಇದೆ. ಬಾರ್ ನಡೆಸುವವರ ಬದುಕು ಈ ಎರಡರ ನಡುವೆ ಸಾಗುತ್ತದೆ. ಈಚಿನ ಹದಿನೈದು ವರ್ಷಗಳಲ್ಲಿ ನಮ್ಮ ದೊಡ್ಡ ಊರುಗಳಲ್ಲಿ ಹುಟ್ಟಿಕೊಂಡ ‘ಕ್ರಾಫ್ಟ್ ಕಾಕ್‌ಟೇಲ್ ಬಾರ್’ಗಳ ಒಡೆಯರು ಮರೆತುಹೋದ ‘ಕಾರಿ’ಯನ್ನು, ಅಂದರೆ ಕೈಕೆಲಸವನ್ನು, ಮತ್ತೆ ಮುಂದಕ್ಕೆ ತರಲು ನೋಡುತ್ತಿದ್ದಾರೆ. ಅವರ ಕಥೆಯನ್ನು ಫ್ಯಾಷನ್ ಪುಟಕ್ಕೆ ಬಿಟ್ಟುಬಿಡಬಹುದಿತ್ತು. ಆದರೆ ಅದರ ಹಿಂದೆ ಒಂದು ಹಳೆಯ ಪ್ರಶ್ನೆ ಇದೆ: ಮದ್ಯದ ಕಟ್ಟೆಯ ಹಿಂದೆ ಯಾರು ನಿಲ್ಲಬಹುದು, ನಿಂತವರು ‘ಇಲ್ಲ’ ಎಂದಾಗ ಆ ಮಾತಿಗೆ ಬೆಲೆ ಕೊಡುವವರು ಯಾರು?

ಈ ಪ್ರಶ್ನೆಯ ಚರಿತ್ರೆಯನ್ನು ದೆಹಲಿಯ ವಸಂತ್ ಕುಂಜ್‌ನಲ್ಲಿ ನಿಂತು ನೋಡುವುದು ಸುಲಭ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1980ರ ದಶಕದಲ್ಲಿ ಕಟ್ಟಲು ಶುರು ಮಾಡಿದ ಫ್ಲ್ಯಾಟುಗಳ ಬಡಾವಣೆ ಇದು. ನೆಲ್ಸನ್ ಮಂಡೇಲಾ ರಸ್ತೆಯ ಮೇಲೆ ಸಾಲಾಗಿ ದೊಡ್ಡ ಮಾಲುಗಳಿವೆ. ಅರಾವಳಿ ಸಾಲಿನ ಅಂಚಿನಲ್ಲಿ ಅವನ್ನು ಕಟ್ಟಬಹುದೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2006ರಲ್ಲಿ ಅವು ಉಳಿದುಕೊಂಡವು. ಉತ್ತರಕ್ಕೆ ಹೋದರೆ ವಸಂತ್ ವಿಹಾರ. ಪಶ್ಚಿಮಕ್ಕೆ ಮಹಿಪಾಲ್‌ಪುರ, ಅದರಾಚೆ ಗುರುಗ್ರಾಮಕ್ಕೆ ಓಡುವ ಹೆದ್ದಾರಿ. ಪೂರ್ವಕ್ಕೆ ಮೆಹ್ರೌಲಿ, ಅಲ್ಲಿ ಕುತುಬ್ ಮಿನಾರ್. ಈ ಕೆಲವೇ ಕಿಲೋಮೀಟರುಗಳ ಸುತ್ತಿನಲ್ಲಿ ಮದ್ಯದ ಬಗ್ಗೆ ನಮ್ಮ ದೇಶ ಯೋಚಿಸಿದ ರೀತಿಯ ಪದರಗಳು ಒಂದರ ಮೇಲೊಂದು ಬಿದ್ದಿವೆ.

ಹಳೆಯ ಪದರದಿಂದಲೇ ಶುರು ಮಾಡೋಣ. ಕುತುಬ್ ಆವರಣದಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಸಮಾಧಿ ಎಂದು ಗುರುತಿಸಲಾದ ಕಟ್ಟಡವಿದೆ. ದೋರಸಮುದ್ರದ ಮೇಲೆ ಮಲಿಕ್ ಕಾಫೂರನನ್ನು ಕಳಿಸಿದ ಸುಲ್ತಾನನೆಂದು ಕನ್ನಡಿಗರಿಗೆ ಅವನು ಗೊತ್ತು. ದೆಹಲಿಯಲ್ಲಿ ಪಾನನಿಷೇಧ ತಂದವನೂ ಅವನೇ. ಕುಡಿತದ ಕೂಟಗಳಲ್ಲಿ ಸರದಾರರು ಸೇರಿ ದಂಗೆಯ ಮಾತಾಡುತ್ತಾರೆ ಎಂಬುದು ಅವನ ಭಯ. ಹದಿನಾಲ್ಕನೇ ಶತಮಾನದ ಚರಿತ್ರಕಾರ ಜಿಯಾವುದ್ದೀನ್ ಬರನಿ ಬರೆದಿರುವಂತೆ, ಸುಲ್ತಾನ ತನ್ನ ಅರಮನೆಯ ಪಾನಪಾತ್ರೆಗಳನ್ನೇ ಒಡೆಸಿದ. ಬದಾಯೂಂ ಬಾಗಿಲ ಬಳಿ ಸುರಿದ ಮದ್ಯಕ್ಕೆ ಮಳೆಗಾಲದಂತೆ ಕೆಸರಾಯಿತು. ಮಾರಿದವರನ್ನೂ ಕುಡಿದವರನ್ನೂ ಬಾಗಿಲಾಚೆ ತೋಡಿದ ಗುಂಡಿಗಳಿಗೆ ತಳ್ಳಿದರು, ಎಷ್ಟೋ ಜನ ಅಲ್ಲೇ ಸತ್ತರು. ಆದರೂ ಹುಲ್ಲಿನ ಹೊರೆಯಲ್ಲಿ, ಸೌದೆಯ ಹೊರೆಯಲ್ಲಿ ಅಡಗಿಸಿಟ್ಟ ತೊಗಲಿನ ಚೀಲಗಳು ಊರೊಳಗೆ ಬರುವುದು ನಿಲ್ಲಲಿಲ್ಲ. ಕಡೆಗೆ ಸುಲ್ತಾನ ತುಸು ಸಡಿಲಿಸಿದ: ಮನೆಯಲ್ಲೇ ಕಾಯಿಸಿ, ಮನೆಯಲ್ಲೇ ಒಬ್ಬರೇ ಕುಡಿದರೆ ತಂಟೆಯಿಲ್ಲ, ಮಾರಬಾರದು, ಕೂಟ ಸೇರಬಾರದು.

ಆ ಸಡಿಲಿಕೆ ಯಾವುದನ್ನು ಬಿಟ್ಟುಕೊಟ್ಟಿತು, ಯಾವುದನ್ನು ಬಿಗಿಹಿಡಿಯಿತು ಎಂಬುದನ್ನು ಗಮನಿಸಬೇಕು. ಕುಡಿತವನ್ನು ರಾಜ್ಯ ಸಹಿಸಿಕೊಂಡಿತು. ನಾಲ್ಕು ಜನ ಒಟ್ಟಿಗೆ ಕೂರುವ ಜಾಗವನ್ನು, ಆ ಜಾಗ ನಡೆಸುವ ಮನುಷ್ಯನನ್ನು ಸಹಿಸಲಿಲ್ಲ. ಈ ಅನುಮಾನ ಸುಲ್ತಾನರ ಜೊತೆ ಹೋಗಲಿಲ್ಲ.

ಬ್ರಿಟಿಷರು ಅದಕ್ಕೆ ಕಲಮಿನ ರೂಪ ಕೊಟ್ಟರು. ದೆಹಲಿ ಪಂಜಾಬ್ ಪ್ರಾಂತ್ಯದಿಂದ ಬೇರೆಯಾಗಿ ರಾಜಧಾನಿಯಾದ ಹೊಸದರಲ್ಲಿ, 1914ರಲ್ಲಿ, ಪಂಜಾಬ್ ಅಬಕಾರಿ ಕಾಯಿದೆ ಬಂತು. ಅದು ದೆಹಲಿಗೂ ಅನ್ವಯವಾಯಿತು. ಅದರ 30ನೇ ಕಲಮು ಹೇಳಿದ್ದು ಇಷ್ಟು: ಸಾರ್ವಜನಿಕರು ಮದ್ಯ ಕುಡಿಯುವ ಜಾಗದಲ್ಲಿ, ಅಂಗಡಿ ತೆರೆದಿರುವ ಹೊತ್ತಿನಲ್ಲಿ, 25 ವರ್ಷ ತುಂಬದ ಗಂಡಸರನ್ನೂ ಯಾವುದೇ ವಯಸ್ಸಿನ ಹೆಂಗಸರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಾರದು, ಸಂಬಳ ಕೊಟ್ಟಾಗಲಿ ಕೊಡದೆಯಾಗಲಿ. ಗಂಡಸಿಗೆ ವಯಸ್ಸಾದರೆ ಬಾಗಿಲು ತೆರೆಯುತ್ತಿತ್ತು. ಹೆಂಗಸಿಗೆ ಎಂದೂ ಇಲ್ಲ. ಕಾರಣವನ್ನು ಕೇಳಿದರೆ ಉತ್ತರ ಒಂದೇ: ಅವರ ರಕ್ಷಣೆಗಾಗಿ.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಈ ಕಲಮು ಮಾತ್ರ ಕದಲಲಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಹುಡುಗಿಯರು ಹುಡುಗರ ಪಕ್ಕದಲ್ಲೇ ಕೂತು ಪಾನೀಯಗಳ ಪಾಠ ಕಲಿತರು, ಪರೀಕ್ಷೆ ಪಾಸು ಮಾಡಿದರು. ದೊಡ್ಡ ಹೋಟೆಲಿನಲ್ಲಿ ಮದ್ಯ ಬರೀ ಬಾರಿನಲ್ಲಿರುವುದಿಲ್ಲ, ಊಟದ ಮನೆಯಲ್ಲೂ ಇರುತ್ತದೆ. ಹಾಗಾಗಿ ಕಲಮನ್ನು ಅಕ್ಷರಶಃ ಹಿಡಿದರೆ ಕಲಿತ ಹುಡುಗಿಗೆ ಹೋಟೆಲಿನ ಎಷ್ಟೋ ಕೋಣೆಗಳು ಮುಚ್ಚಿದ ಹಾಗೆಯೇ.

ಈಗ ಮೆಹ್ರೌಲಿಗೆ ಮರಳಬೇಕು. ಕುತುಬ್ ಮಿನಾರಿನ ನೆರಳಿಗೆ ಹತ್ತಿರದಲ್ಲಿ ಕುತುಬ್ ಕೊಲೊನೇಡ್ ಎಂಬ ಹಳೆಯ ಕಟ್ಟಡವಿತ್ತು, ಅದರಲ್ಲಿ ಟ್ಯಾಮರಿಂಡ್ ಕೋರ್ಟ್ ಎಂಬ ರೆಸ್ಟೋರೆಂಟ್. 1999ರ ಏಪ್ರಿಲ್ 29ರ ರಾತ್ರಿ ಅಲ್ಲೊಂದು ಪಾರ್ಟಿ ನಡೆಯಿತು. ಮಾಡೆಲ್ ಜೆಸ್ಸಿಕಾ ಲಾಲ್ ಆ ರಾತ್ರಿ ಕಟ್ಟೆಯ ಹಿಂದೆ ನಿಂತು ಪಾನೀಯ ಕೊಡುತ್ತಿದ್ದರು. ನಡುರಾತ್ರಿ ಕಳೆದ ಮೇಲೆ, ಪಾರ್ಟಿ ಮುಗಿದ ಹೊತ್ತಿನಲ್ಲಿ, ಕೆಲವು ಯುವಕರು ಬಂದು ಮದ್ಯ ಕೇಳಿದರು. ಇಲ್ಲ ಎಂಬ ಉತ್ತರ ಬಂತು. ಅವರಲ್ಲಿ ಒಬ್ಬ, ರಾಜಕಾರಣಿಯೊಬ್ಬರ ಮಗ, ಪಿಸ್ತೂಲು ತೆಗೆದು ಮೊದಲು ಚಾವಣಿಗೆ ಹೊಡೆದ, ಆಮೇಲೆ ಜೆಸ್ಸಿಕಾಗೆ ಹೊಡೆದ. 2006ರ ಫೆಬ್ರವರಿಯಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಊರು ಮೇಣದಬತ್ತಿ ಹಿಡಿದು ಬೀದಿಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಕೊಲೆಗಾರನಿಗೆ ಜೀವಾವಧಿ ಶಿಕ್ಷೆ ವಿಧಿಸಿತು, 2010ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಈ ಪ್ರಕರಣವನ್ನು ನಾವು ನ್ಯಾಯದ, ಪ್ರಭಾವದ, ತಿರುಗಿಬಿದ್ದ ಸಾಕ್ಷಿಗಳ ಕಥೆಯಾಗಿ ನೆನಪಿಟ್ಟುಕೊಂಡಿದ್ದೇವೆ. ಅದು ಸರಿಯೇ. ಕಟ್ಟೆಯ ಈಚೆ ಬದಿಯಿಂದ ನೋಡಿದರೆ ಮಾತ್ರ ಅದರಲ್ಲಿ ಇನ್ನೊಂದು ಕಥೆ ಕಾಣುತ್ತದೆ. ಆ ಜಾಗಕ್ಕೆ ಮದ್ಯ ಕೊಡುವ ಪರವಾನಗಿಯೇ ಇರಲಿಲ್ಲ. ಹೆಣ್ಣು ಅಲ್ಲಿ ನಿಲ್ಲಬಾರದೆಂದು 85 ವರ್ಷಗಳಿಂದ ಕಾಯ್ದುಕೊಂಡು ಬಂದಿದ್ದ ಕಲಮು ಆ ರಾತ್ರಿ ಯಾರನ್ನೂ ರಕ್ಷಿಸಲಿಲ್ಲ. ಕೆಲಸದ ಮೇಲಿದ್ದ ಒಬ್ಬರು ‘ಇಲ್ಲ’ ಎಂದರು. ಬಾರಿನ ಕೆಲಸದಲ್ಲಿ ಅತಿ ಸಾಮಾನ್ಯವಾದ, ಅತಿ ಅಗತ್ಯವಾದ ಮಾತು ಅದು. ಅದರ ಬೆನ್ನಿಗೆ ಆ ಗಳಿಗೆಯಲ್ಲಿ ಯಾವ ವ್ಯವಸ್ಥೆಯೂ ಇರಲಿಲ್ಲ.

ಆ ಖುಲಾಸೆಗೆ ಒಂದೇ ತಿಂಗಳು ಮೊದಲು, 2006ರ ಜನವರಿಯಲ್ಲಿ, ದೆಹಲಿ ಹೈಕೋರ್ಟು 30ನೇ ಕಲಮಿನ ಹೆಂಗಸರ ಮೇಲಿನ ನಿಷೇಧವನ್ನು ಸಂವಿಧಾನಕ್ಕೆ ವಿರುದ್ಧವೆಂದು ಹೊಡೆದುಹಾಕಿತ್ತು. ಸರ್ಕಾರ ಅದನ್ನು ಒಪ್ಪಿಕೊಂಡಿತು. ಒಪ್ಪದೆ ಮೇಲ್ಮನವಿ ಹೋದವರು ದೆಹಲಿಯ ಕೆಲವು ನಾಗರಿಕರು. ಅನುಜ್ ಗರ್ಗ್ ಮತ್ತು ಹೋಟೆಲ್ ಅಸೋಸಿಯೇಷನ್ ಆಫ್ ಇಂಡಿಯಾ ನಡುವಿನ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2007ರ ಡಿಸೆಂಬರ್ 6ರಂದು ಹೈಕೋರ್ಟಿನ ತೀರ್ಪನ್ನೇ ಉಳಿಸಿತು. ನ್ಯಾಯಮೂರ್ತಿ ಎಸ್. ಬಿ. ಸಿನ್ಹಾ ಬರೆದ ತೀರ್ಪಿನ ತಿರುಳು ಇದು: ರಕ್ಷಣೆಯ ಹೆಸರಿನ ಕಾನೂನು ಎರಡಲಗಿನ ಕತ್ತಿ. ಅಪಾಯವಿದೆ ಎಂದರೆ ರಾಜ್ಯ ಅಪಾಯವನ್ನು ತಡೆಯಬೇಕು, ಹೆಣ್ಣನ್ನು ಕೆಲಸದಿಂದ ತಡೆಯಬಾರದು. ಅವಳ ಸ್ವಾತಂತ್ರ್ಯವನ್ನು ಕಟ್ಟಿಹಾಕಿ ಅವಳನ್ನು ಕಾಯುತ್ತೇನೆ ಎನ್ನುವುದು ಕಾವಲಾಗುವುದಿಲ್ಲ. ಲಿಂಗ ಸಮಾನತೆಯ ಕಾನೂನು ಪಾಠಗಳಲ್ಲಿ ಈ ತೀರ್ಪು ಈಗಲೂ ಬರುತ್ತದೆ. ಅದು ಹುಟ್ಟಿದ್ದು ಬಾರಿನ ಕಟ್ಟೆಯ ಹಿಂದೆ ಯಾರು ನಿಲ್ಲಬೇಕು ಎಂಬ ಜಗಳದಿಂದ.

ಹಾಗಾದರೆ ಬಾರಿನ ಒಡೆಯರ ಹಕ್ಕು ಏನು? ಇದಕ್ಕೆ ಉತ್ತರ ಬೆಂಗಳೂರಿನಿಂದ ಹೋದ ಮೊಕದ್ದಮೆಯಲ್ಲಿದೆ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1994ರ ಅಕ್ಟೋಬರಿನಲ್ಲಿ ಹೇಳಿದ್ದು: ಕುಡಿಯುವ ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ. ರಾಜ್ಯ ಅದನ್ನು ಪೂರ್ತಿ ನಿಷೇಧಿಸಬಹುದು, ತಾನೇ ನಡೆಸಬಹುದು, ಬೇಕಾದಂತೆ ಕಟ್ಟುಪಾಡು ಹಾಕಬಹುದು. ಅನುಮತಿ ಕೊಟ್ಟ ಮೇಲೆ ಅರ್ಹರ ನಡುವೆ ಭೇದ ಮಾಡಬಾರದು, ಅಷ್ಟೇ. ಸಂವಿಧಾನದ 47ನೇ ವಿಧಿ ಪಾನನಿಷೇಧದತ್ತ ಸಾಗಬೇಕೆಂದು ರಾಜ್ಯಕ್ಕೆ ಹೇಳುತ್ತದೆ. ಇನ್ನೊಂದು ಕಡೆ ರಾಜ್ಯಗಳ ಬೊಕ್ಕಸಕ್ಕೆ ಅಬಕಾರಿ ಒಂದು ದೊಡ್ಡ ಊರುಗೋಲು. ಕಿರಾಣಿ ಅಂಗಡಿಯವರಿಗೆ ವ್ಯಾಪಾರ ಹಕ್ಕು, ಬಾರಿನವರಿಗೆ ಅದು ಸನ್ನದು. ಅಪ್ಪಣೆ ಕೊಟ್ಟ ಕೈಯೇ ಅದನ್ನು ಹಿಂದಕ್ಕೆ ಪಡೆಯಬಹುದು.

ಇಂಥ ನೆಲದ ಮೇಲೆ ಕೈಕೆಲಸದ ಬಾರ್ ತೆರೆಯುವುದೆಂದರೇನು? ಮೊದಲು ಆ ಕೈಕೆಲಸವನ್ನು ಹೇಳಬೇಕು. ಕಾಕ್‌ಟೇಲ್ ಎಂದರೇನು ಎಂದು 1806ರಲ್ಲಿ ನ್ಯೂಯಾರ್ಕ್ ಸೀಮೆಯ ಪತ್ರಿಕೆಯೊಂದು ತನ್ನ ಓದುಗರಿಗೆ ವಿವರಿಸಿತ್ತು: ಮದ್ಯ, ಸಕ್ಕರೆ, ನೀರು, ಕಹಿಸಾರ. ಇವತ್ತಿಗೂ ಮೂಲ ಅದೇ. ಇಂಥ ಬಾರುಗಳಲ್ಲಿ ನಿಂಬೆರಸ ಅಂದಂದೇ ಹಿಂಡಿದ್ದು, ಪಾಕ ಅಲ್ಲೇ ಕಾಯಿಸಿದ್ದು, ಮಂಜುಗಡ್ಡೆಗೆ ಕೂಡ ಅಳತೆ ಉಂಟು. ಮಂಜುಗಡ್ಡೆಯ ಜೊತೆ ಕುಲುಕಿದಾಗ ಕರಗಿ ಸೇರುವ ನೀರು ಲೋಟದಲ್ಲಿ ಸುಮಾರು ಕಾಲು ಭಾಗ ಆಗುತ್ತದೆ. ಕಡಿಮೆಯಾದರೆ ಗಂಟಲು ಸುಡುತ್ತದೆ, ಹೆಚ್ಚಾದರೆ ಸಪ್ಪೆ. ಎಷ್ಟು ಹೊತ್ತು ಕುಲುಕಬೇಕು ಎಂಬುದು ಕೈಗೆ ಗೊತ್ತಿರಬೇಕು. ಅಬಕಾರಿ ಎಂಬ ಪದವನ್ನು ಕಟ್ಟಿದವರು ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದರು: ಇದು ಅಕ್ಷರಶಃ ನೀರಿನ ಕೆಲಸ.

ದೆಹಲಿಯಲ್ಲಿ ಈ ಕೆಲಸಕ್ಕೆ ಹೆಸರು ತಂದವರಲ್ಲಿ ಯಾಂಗ್‌ಡುಪ್ ಲಾಮಾ ಒಬ್ಬರು. ದಾರ್ಜಿಲಿಂಗ್ ಕಡೆಯವರು. 1990ರ ದಶಕದಲ್ಲಿ ದೆಹಲಿಯ ಹಯಾತ್ ರೀಜೆನ್ಸಿ ಹೋಟೆಲಿನ ಬಾರಿನಲ್ಲಿ ಕೆಲಸ ಮಾಡಿ, ಆಮೇಲೆ ಇತರರಿಗೆ ಈ ಕಸುಬು ಕಲಿಸುವವರಾದರು. ಗುರುಗ್ರಾಮದಲ್ಲಿ ‘ಕಾಕ್‌ಟೇಲ್ಸ್ ಅಂಡ್ ಡ್ರೀಮ್ಸ್ ಸ್ಪೀಕ್‌ಈಸಿ’ ಎಂಬ ಪುಟ್ಟ ಬಾರ್ ತೆರೆದರು. 2018ರಲ್ಲಿ ಮೀನಾಕ್ಷಿ ಸಿಂಗ್ ಜೊತೆ ಸೇರಿ ದಕ್ಷಿಣ ದೆಹಲಿಯ ಗ್ರೇಟರ್ ಕೈಲಾಶ್ 2ರಲ್ಲಿ ‘ಸೈಡ್‌ಕಾರ್’ ಶುರು ಮಾಡಿದರು. ಕೋನ್ಯಾಕ್, ಕಿತ್ತಳೆ ಲಿಕರ್, ನಿಂಬೆರಸ ಸೇರಿದ ಹಳೆಯ ಪಾನೀಯವೊಂದರ ಹೆಸರು ಅದು. 2021ರಲ್ಲಿ ಅದು ಜಗತ್ತಿನ 50 ಉತ್ತಮ ಬಾರುಗಳ ಪಟ್ಟಿಗೆ ಸೇರಿತು. ಇಲ್ಲಿ ನಾನು ಪಟ್ಟಿಗಿಂತ ಹೆಚ್ಚಾಗಿ ಗಮನಿಸುವುದು ಒಡೆಯರ ಹೆಸರುಗಳನ್ನು. ಒಬ್ಬರು ಬೆಟ್ಟದ ಸೀಮೆಯಿಂದ ಬಂದು ಕಟ್ಟೆಯ ಹಿಂದೆ ನಿಂತು ಕೆಲಸ ಕಲಿತವರು. ಇನ್ನೊಬ್ಬರು ಹೆಣ್ಣುಮಗಳು. 30ನೇ ಕಲಮು ಬಿದ್ದು ಹನ್ನೊಂದೇ ವರ್ಷವಾಗಿತ್ತು.

ವಸಂತ್ ಕುಂಜ್‌ಗೆ ಇನ್ನೂ ಹತ್ತಿರದ ಉದಾಹರಣೆ ಪಕ್ಕದ ವಸಂತ್ ವಿಹಾರದ್ದು. ಅಲ್ಲಿ ‘ಪರ್ಚ್’ ಎಂಬ ವೈನ್ ಮತ್ತು ಕಾಫಿ ಬಾರ್ ನಡೆಸುತ್ತಿದ್ದವರಲ್ಲಿ ಒಬ್ಬರಾದ ಆನಂದ್ ವಿರ್ಮಾನಿಗೆ, ಒಳ್ಳೆಯ ಜಿನ್ ಬೇಕೆಂದರೆ ಹೊರದೇಶದ ಬಾಟಲಿಯೇ ಗತಿ ಎಂಬುದು ಕೆಲಸದಲ್ಲೇ ತಿಳಿಯಿತು. ಅವರೂ ವೈಭವ್ ಸಿಂಗ್ ಅವರೂ ಸೇರಿ 2017ರಲ್ಲಿ ಗೋವಾದಲ್ಲಿ ಬಟ್ಟಿ ಇಳಿಸಿದ ‘ಗ್ರೇಟರ್ ದ್ಯಾನ್’ ಜಿನ್ ಹೊರತಂದರು. ಆಮೇಲೆ ಹಿಮಾಲಯದ ಜ್ಯೂನಿಪರ್ ಕಾಯಿ ಬಳಸಿದ ‘ಹಪುಸಾ’ ಬಂತು. ಕ್ವಿನೈನ್ ನೀರಿಗೆ ಜಿನ್ ಬೆರೆಸುವ ಪದ್ಧತಿ ಹರಡಿದ್ದೇ ಬ್ರಿಟಿಷರ ಭಾರತದಲ್ಲಿ. ಆ ಜಿನ್ನನ್ನು ಇಲ್ಲಿಯೇ ನೆಟ್ಟಗೆ ಮಾಡಬಹುದು ಎಂಬ ಯೋಚನೆ ಬಾರಿನ ಒಡೆಯರ ತಲೆಯಲ್ಲಿ ಮೊಳೆತದ್ದು ಸಹಜವೇ. ಕೊರತೆ ಮೊದಲು ಕಾಣುವುದು ಕಟ್ಟೆಯ ಹಿಂದೆ ನಿಂತವರಿಗೆ.

ಆದರೆ ಸನ್ನದು ತನ್ನ ಇರವನ್ನು ಮರೆಯಗೊಡುವುದಿಲ್ಲ. ದೆಹಲಿಯಲ್ಲಿ ಇಂಥ ಬಾರಿಗೆ ಸಿಗುವ ಎಲ್-17 ಪರವಾನಗಿ ಕಾಗದದ ಮೇಲೆ ‘ಸ್ವತಂತ್ರ ರೆಸ್ಟೋರೆಂಟ್’ಗೆ ಕೊಟ್ಟದ್ದು. ಊಟದ ಮನೆಯ ನೆಪದಲ್ಲೇ ಬಾರ್ ಬದುಕಬೇಕು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದಿತು. ಕುಡಿದು ಗಾಡಿ ಓಡಿಸಿ ಆಗುವ ಸಾವುಗಳನ್ನು ತಡೆಯುವುದು ಅದರ ಗುರಿ. ಬಾರುಗಳೂ ಇದರಲ್ಲಿ ಸೇರುತ್ತವೆ ಎಂಬ ಸ್ಪಷ್ಟನೆ ಬಂದದ್ದು 2017ರ ಮಾರ್ಚ್ 31ಕ್ಕೆ. ಮರುದಿನವೇ ಗುರುಗ್ರಾಮದ ಸೈಬರ್ ಹಬ್‌ನ ಬಾರುಗಳು ಮದ್ಯ ಕೊಡುವುದನ್ನು ನಿಲ್ಲಿಸಬೇಕಾಯಿತು. ಕರ್ನಾಟಕದಲ್ಲಿ ಸನ್ನದಿನ ವರ್ಷ ಜುಲೈಗೆ ಶುರುವಾಗುವುದರಿಂದ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಿಗೆ ಏಟು ಬಿದ್ದದ್ದು ಜುಲೈ 1ಕ್ಕೆ. ಆಮೇಲೆ ಊರೊಳಗಿನ ರಸ್ತೆಗಳಿಗೆ ವಿನಾಯಿತಿ ಬಂತು. ಅಷ್ಟರಲ್ಲಿ ಬಾಡಿಗೆ, ಸಂಬಳ ನಿಂತಿರಲಿಲ್ಲ.

2020ರ ಲಾಕ್‌ಡೌನಿನಲ್ಲಿ ಮುಚ್ಚಿದ ದೆಹಲಿಯ ಬಾರುಗಳು ಮತ್ತೆ ತೆರೆದದ್ದು ಸೆಪ್ಟೆಂಬರಿನಲ್ಲಿ. 2021ರ ನವೆಂಬರ್ 17ಕ್ಕೆ ದೆಹಲಿ ಸರ್ಕಾರ ಹೊಸ ಅಬಕಾರಿ ನೀತಿ ತಂದಿತು. ಸರ್ಕಾರವೇ ಅಂಗಡಿ ನಡೆಸುವುದನ್ನು ಬಿಟ್ಟಿತು, ವರ್ಷಕ್ಕೆ 21 ಇದ್ದ ಒಣ ದಿನಗಳು ಮೂರಕ್ಕಿಳಿದವು, ಬಾರುಗಳು ಬೆಳಗಿನ ಜಾವ 3ರವರೆಗೆ ನಡೆಯಬಹುದೆಂದು ನೀತಿಯ ಕಾಗದದಲ್ಲಿ ಬರೆಯಲಾಯಿತು. ವರ್ಷ ತುಂಬುವುದರೊಳಗೆ ತನಿಖೆ ಎದ್ದಿತು, 2022ರ ಸೆಪ್ಟೆಂಬರ್ 1ಕ್ಕೆ ಹಳೆಯ ಪದ್ಧತಿಯೇ ಮರಳಿತು. ಮುಂದೆ ಉಪಮುಖ್ಯಮಂತ್ರಿ, ಮುಖ್ಯಮಂತ್ರಿ ಇಬ್ಬರೂ ಆ ಪ್ರಕರಣದಲ್ಲಿ ಬಂಧನವಾದರು. ದೇಶ ರಾಜಕೀಯದ ಸುದ್ದಿ ಓದಿತು. ಸನ್ನದುದಾರರು ಮಾತ್ರ ಹತ್ತು ತಿಂಗಳಲ್ಲಿ ಎರಡು ಸಲ ತಮ್ಮ ಲೆಕ್ಕದ ಪುಸ್ತಕವನ್ನು ಹೊಸದಾಗಿ ಬರೆದರು. ಐದು ವರ್ಷದ ಸಾಲ ತೆಗೆದು ಕಟ್ಟಿದ ಜಾಗದ ನಿಯಮ ಒಂದು ರಾತ್ರಿಯಲ್ಲಿ ಬದಲಾಗಬಹುದು ಎಂಬ ತಿಳಿವಳಿಕೆಯಲ್ಲೇ ಅವರ ಲೋಕದೃಷ್ಟಿ ರೂಪುಗೊಳ್ಳುತ್ತದೆ: ಮುಂದಿನ ವರ್ಷದ ಮಾತು ಬೇಡ, ಇವತ್ತಿನ ಲೋಟ ಸರಿಯಾಗಿರಲಿ.

ಇಷ್ಟು ಹೇಳಿ ಬಾರಿನವರ ಪರ ವಕಾಲತ್ತು ಮುಗಿಸಿದರೆ ಅದು ಅರ್ಧ ಚರಿತ್ರೆಯಾಗುತ್ತದೆ. 2019ರ ಜನವರಿಯಲ್ಲಿ ಕರ್ನಾಟಕದ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಕೂಲಿ ದುಡ್ಡು ಮನೆಗೆ ತಲುಪುವ ಮೊದಲೇ ಪಾಕೆಟ್ಟಿಗೆ ಹೋಗುವುದನ್ನು, ಅದರ ಹಿಂದೆ ಬರುವ ಹೊಡೆತವನ್ನು ಅವರು ಬಲ್ಲರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತ್ತು. ಆದರೂ ಅವರು ನಡೆಯಬೇಕಾಯಿತು. ದೆಹಲಿಯ ಬಾರಿನಲ್ಲಿ ಒಂದು ಲೋಟಕ್ಕೆ ಕೊಡುವ ಹಣ ಅವರ ಎಷ್ಟೋ ದಿನದ ಕೂಲಿ. ಅಳತೆ, ರುಚಿ, ಕಸುಬು ಎಂಬ ಮಾತುಗಳು ಅವರ ಮುಂದೆ ಬಹಳ ತೆಳುವಾಗುತ್ತವೆ.

ಗೌರವದ ವಿಷಯವೂ ಹಾಗೆಯೇ. ಮರ ಹತ್ತಿ ಕಳ್ಳು ಇಳಿಸಿದ ಬಿಲ್ಲವರಿಗೆ, ಈಡಿಗರಿಗೆ ಈ ಕಸುಬು ಗೌರವ ತರಲಿಲ್ಲ, ಅವಮಾನ ತಂದಿತು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಮದ್ಯ ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ಬೋಧಿಸಿದರು. ಮಾನ ಬೇಕಾದರೆ ಕಸುಬು ಬಿಡಬೇಕಿತ್ತು. ನೂರು ವರ್ಷದ ನಂತರ ಬೇರೆ ಹಿನ್ನೆಲೆಯವರು, ಬೇರೆ ಅಂಗಿ ತೊಟ್ಟು ಅದೇ ನೀರಿನ ಕೆಲಸಕ್ಕೆ ಬಂದಾಗ ಅದು ‘ಕ್ರಾಫ್ಟ್’ ಆಗುತ್ತದೆ, ಪ್ರಶಸ್ತಿ ಬರುತ್ತದೆ. ಮಾಡುವವರ ಜಾತಿ ಬದಲಾದಾಗ ಕೆಲಸದ ಹೆಸರೂ ಬದಲಾಗುವುದು ಭಾಷೆ ಓದಿದವರಿಗೆ ಹೊಸತಲ್ಲ.

ಕನ್ನಡದಲ್ಲಿ ಇದಕ್ಕೊಂದು ಹಳೆಯ ಅಪವಾದವಿದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರ ಇದ್ದ. ಕಾಯಕವೇ ಅವನ ಹೆಸರಿನ ಮೊದಲ ಪದ. ಅವನ ಅಂಕಿತ ಧರ್ಮೇಶ್ವರಲಿಂಗ. ಹೆಂಡ ಮಾರುತ್ತಲೇ, ಕುಡಿಯಲು ಬಂದವರಿಗೆ ತಿಳಿಹೇಳಿ ಚಟ ಬಿಡಿಸುತ್ತಿದ್ದ ಎಂದು ಹೇಳುವುದುಂಟು. ವ್ಯಾಪಾರದ ಲೆಕ್ಕದಲ್ಲಿ ಇದು ಹುಚ್ಚು. ಆದರೂ ಒಳ್ಳೆಯ ಬಾರ್ ನಡೆಸುವವರಿಗೆ ಈ ಹುಚ್ಚು ಅರ್ಥವಾಗುತ್ತದೆ. ಸಣ್ಣ ಲೋಹದ ಅಳತೆಯ ಬಟ್ಟಲಿನಲ್ಲಿ 30 ಮಿಲಿ, 60 ಮಿಲಿ ಎಂದು ಎಣಿಸಿ ಸುರಿಯುವುದು ರುಚಿಗೆಷ್ಟೋ ಲೆಕ್ಕಕ್ಕೂ ಅಷ್ಟೇ. ಎದುರಿಗೆ ಕೂತವರು ಎಷ್ಟು ಕುಡಿದಿದ್ದಾರೆ ಎಂದು ಅವರಿಗಿಂತ ಚೆನ್ನಾಗಿ ಸುರಿದವರಿಗೆ ಗೊತ್ತಿರುತ್ತದೆ. ನೀರು ಕೊಡುವುದು, ಟ್ಯಾಕ್ಸಿ ಕರೆಸುವುದು, ‘ಇವತ್ತಿಗೆ ಸಾಕು ಸಾರ್’ ಎನ್ನುವುದು ಈ ಕೆಲಸದ ಭಾಗಗಳೇ.

ಸುಲ್ತಾನನ ‘ಇಲ್ಲ’ ಗುಂಡಿಯಲ್ಲಿ ಹೆಣವಾಯಿತು, ಕುಡಿತ ನಿಲ್ಲಲಿಲ್ಲ. 1914ರ ಕಾಯಿದೆಯ ‘ಇಲ್ಲ’ ಹೆಂಗಸರನ್ನು ಹೊರಗಿಟ್ಟಿತು, ಯಾರನ್ನೂ ಕಾಯಲಿಲ್ಲ. ರಾಜ್ಯದ ಈ ದೊಡ್ಡ ‘ಇಲ್ಲ’ಗಳ ನಡುವೆ ನಾವು ಗಮನ ಕೊಡದೆ ಬಿಟ್ಟದ್ದು ಕಟ್ಟೆಯ ಹಿಂದಿನ ಆ ಸಣ್ಣ ‘ಇಲ್ಲ’ವನ್ನು. ರಾತ್ರಿ ಹನ್ನೆರಡೂವರೆಗೆ, ಕುಡಿದ ಗಿರಾಕಿಯ ಮುಖ ನೋಡಿ, ಇಪ್ಪತ್ತಾರರ ಹುಡುಗಿಯೊಬ್ಬಳು ಅದನ್ನು ಹೇಳುತ್ತಾಳೆ. ಆಗ ಅವಳ ಹಿಂದೆ ಒಡೆಯರು ನಿಲ್ಲುತ್ತಾರೆಯೇ, ಬಾಗಿಲ ಕಾವಲಿನವರು ಬರುತ್ತಾರೆಯೇ, ಗಿರಾಕಿಯ ಅಪ್ಪ ಯಾರು ಎಂದು ಕೇಳದೆ ಪೊಲೀಸರು ಬರುತ್ತಾರೆಯೇ? ಬಾರು ಒಳ್ಳೆಯದೋ ಅಲ್ಲವೋ ಎಂಬುದನ್ನು ಯಾವ ಪಟ್ಟಿಗಿಂತಲೂ ಚೆನ್ನಾಗಿ ಆ ಒಂದು ನಿಮಿಷ ಹೇಳುತ್ತದೆ. ಊರು ಎಂಥದ್ದು ಎಂಬುದನ್ನೂ.